ಅಳಿಸಿಹೋದ ಹದಿನಾಲ್ಕು ಸೆಕೆಂಡುಗಳು

1998ರಲ್ಲಿ ನಾನು ನಾರ್ತ್ ಕ್ಯಾರೊಲೈನಾದ ಮಾರಿಸ್‌ವಿಲ್‌ನಲ್ಲಿ ಒಂದು ಸಣ್ಣ ಕಂಪನಿಯ ಪ್ರೋಗ್ರಾಮರ್ ಆಗಿದ್ದೆ. ಮಾಲೀಕರೂ ಸೇರಿ ಒಟ್ಟು ಒಂಬತ್ತು ಜನ. ಕಚೇರಿ ವಿಮಾನ ನಿಲ್ದಾಣದ ಹಿಂಬದಿಯ ರಸ್ತೆಯಲ್ಲಿತ್ತು. ವಿಮಾನ ಇಳಿಯುವಾಗಲೆಲ್ಲ ಮೇಜಿನ ಮೇಲಿನ ಪೆನ್ನು ಅದುರುತ್ತಿತ್ತು. ಅಮೆರಿಕಕ್ಕೆ ಬಂದ ಮೇಲೆ ನಾನು ಸಂಬಳಕ್ಕೆ ದುಡಿದದ್ದು ಅಲ್ಲಿ ಮಾತ್ರ, ಅದೂ ಎರಡೇ ವರ್ಷ. ಆಮೇಲೆ ಮಗು, ಮನೆ, ದೇವರು, ಅಡುಗೆ ಇಷ್ಟರಲ್ಲೇ ಇದ್ದೇನೆ. ಈಗ ವರ್ಜೀನಿಯಾದ ಆಲ್ಡಿಯಲ್ಲಿದ್ದೇವೆ. ನೀವು ಕೆಲಸ ಮಾಡ್ತಿದ್ರಾ ಆಂಟಿ ಎಂದು ಇಲ್ಲಿನ ಹುಡುಗಿಯರು ಕೇಳಿದರೆ ಹೂಂ ಎಂದಷ್ಟೇ ಹೇಳಿ ಕಾಫಿಗೆ ನೀರಿಡುತ್ತೇನೆ. ಮಾಡಿದ ಕೆಲಸದಲ್ಲಿ ಒಂದು ಪ್ರಸಂಗವನ್ನು ಮಾತ್ರ ಪೂರ್ತಿ ಹೇಳಬೇಕು ಅನ್ನಿಸಿದೆ.

ಅದಕ್ಕೆ ಮೊದಲು ನಮ್ಮ ಕಂಪನಿಯ ಕೆಲಸ ಏನು ಎಂದು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಪ್ರಾಣಾಪಾಯ ಬಂದರೆ ಜನ ಫೋನಿನಲ್ಲಿ ನೈನ್ ಒನ್ ಒನ್ ಒತ್ತುತ್ತಾರೆ. ಆ ಕರೆ ಆಯಾ ಕೌಂಟಿಯ, ಅಂದರೆ ಜಿಲ್ಲೆಯ, ತುರ್ತು ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತವರು ಆಂಬುಲೆನ್ಸ್ ಕಳಿಸುವುದರ ಜೊತೆಗೆ, ಅದು ಬರುವವರೆಗೂ ಏನು ಮಾಡಬೇಕೆಂದು ಹೇಳಿಕೊಡುತ್ತಾರೆ. ಪ್ರತಿ ಕರೆಯೂ ರೆಕಾರ್ಡ್ ಆಗುತ್ತದೆ. ನಮ್ಮ ಗಿರಾಕಿಯಾಗಿದ್ದ ಕೌಂಟಿಯ ರೆಕಾರ್ಡರು ಹಳೆಯದಾಗಿತ್ತು. ಸದ್ದನ್ನು ಹದ್ದುಬಸ್ತಿನಲ್ಲಿಡುವ ಅದರ ಭಾಗ ಕೆಟ್ಟು, ಎಲ್ಲವೂ ಸ್ವಲ್ಪ ಹೆಚ್ಚು ಜೋರಾಗಿಯೇ ಟೇಪಿಗೆ ಇಳಿಯುತ್ತಿತ್ತು. ಆ ಟೇಪುಗಳಲ್ಲಿದ್ದ ಕರೆಗಳನ್ನು ಮಾಮೂಲಿ ಕಂಪ್ಯೂಟರಿನಲ್ಲಿ ಕೇಳಿಸುವ ಫೈಲುಗಳಾಗಿ ಬದಲಾಯಿಸುವುದು ನಮಗೆ ಬಂದ ಕೆಲಸ. ಅದರ ಪ್ರೋಗ್ರಾಮು ಬರೆದವಳು ನಾನು.

ಟೆಲಿಫೋನ್ ಯಂತ್ರಗಳು ಧ್ವನಿಯನ್ನು ಸೆಕೆಂಡಿಗೆ ಎಂಟು ಸಾವಿರ ಸಲ ಅಳೆದು, ಪ್ರತಿ ಅಳತೆಯನ್ನೂ ಸೊನ್ನೆಯಿಂದ 255ರ ಒಳಗಿನ ಒಂದು ಅಂಕಿಯಾಗಿ ಬರೆದಿಡುತ್ತವೆ. ಯಾವ ಅಂಕಿಗೆ ಎಷ್ಟು ಜೋರಿನ ಸದ್ದು ಎಂಬುದಕ್ಕೆ ಒಂದು ಕೋಷ್ಟಕವಿದೆ. ಅಂಕಿಯಿಂದ ಮತ್ತೆ ಸದ್ದು ಮಾಡುವುದಕ್ಕೆ ಡೀಕೋಡ್ ಮಾಡುವುದು ಅನ್ನುತ್ತಾರೆ. ತೊಡಕು ಏನೆಂದರೆ ಲೋಕದಲ್ಲಿ ಕೋಷ್ಟಕಗಳು ಎರಡು. ಭಾರತ, ಯುರೋಪು ಮುಂತಾದ ಕಡೆ ಬಳಸುವುದು ಎ-ಲಾ. ಅಮೆರಿಕದಲ್ಲಿ ಬಳಸುವುದು ಮ್ಯೂ-ಲಾ. ನಾನು ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ದೂರವಾಣಿ ಉಪಕರಣ ತಯಾರಿಸುವ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ನಾಲ್ಕು ವರ್ಷ ಇದ್ದವಳು. ಎ-ಲಾ ನನಗೆ ಮಗ್ಗಿಯಷ್ಟು ಬಾಯಿಗೆ ಬರುತ್ತಿತ್ತು. ಅಮೆರಿಕದ್ದು ಬೇರೆ ಎಂಬುದೂ ಗೊತ್ತಿತ್ತು. ಪ್ರೋಗ್ರಾಮಿನಲ್ಲಿ ಸರಿಯಾದ ಕೋಷ್ಟಕವನ್ನೇ ಹಾಕಿದ್ದೆ. ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಹಾಗಾಗಿಯೇ ಮುಂದೆ ಯಾರಿಗೂ ಅನುಮಾನ ಬರಲಿಲ್ಲ.

ಫೆಬ್ರವರಿಯಲ್ಲಿ ಕೌಂಟಿಯವರಿಗೆ ಮೊದಲ ಸಲ ಕೇಳಿಸಿದೆವು. ಟೇಪು ಅಲ್ಲಲ್ಲಿ ಸವೆದಿತ್ತು. ಓದಲಾಗದ ಜಾಗ ಬಂದರೆ ಟೇಪ್ ಯಂತ್ರ ಅಲ್ಲಿಗೆ ಸೊನ್ನೆಗಳನ್ನು ತುಂಬಿ ಕೊಡುತ್ತಿತ್ತು. ಅಂಥ ಜಾಗ ಬಂದಾಗ ಹೆಡ್‌ಸೆಟ್ಟಿನಲ್ಲಿ ಢಬ್ ಎಂದು ಸದ್ದಾಗಿ, ಕೇಳುತ್ತಿದ್ದ ಮೇಲ್ವಿಚಾರಕಿ ಕಿವಿ ಹಿಡಿದುಕೊಂಡರು. ನಮ್ಮ ಮಾಲೀಕ ವೇಯ್ನ್ ನನ್ನ ಕಡೆ ತಿರುಗಿ, ಇದನ್ನು ಸ್ವಲ್ಪ ಮೆತ್ತಗೆ ಮಾಡು ಎಂದ. ಮಾರನೆಯ ದಿನವೇ ಮಾಡಿದೆ. ಬೆಂಗಳೂರಿನ ಕಾರ್ಖಾನೆಯಲ್ಲಿ ನಾವು ವರ್ಷಗಟ್ಟಲೆ ಬಳಸಿದ ಒಂದು ಪರೀಕ್ಷೆ ಇತ್ತು. ಸೆಕೆಂಡಿನ ಐವತ್ತನೇ ಒಂದು ಭಾಗವನ್ನು ಒಂದು ಬ್ಲಾಕ್ ಎಂದು ತೆಗೆದುಕೊಂಡು, ಅದರ ಅಂಕಿಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಸೊನ್ನೆ ಇದ್ದರೆ ಅದು ಮಾತಲ್ಲ, ಖಾಲಿ ಜಾಗ ಎಂದು ತೀರ್ಮಾನಿಸುವುದು. ಅದನ್ನೇ ಇಲ್ಲಿ ಬರೆದೆ. ಖಾಲಿ ಕಂಡಲ್ಲಿ ನಿಶ್ಶಬ್ದ ತುಂಬುವಂತೆ ಮಾಡಿದೆ. ಮತ್ತೆ ಮತ್ತೆ ಢಬ್ ಅನ್ನದಿರಲಿ ಎಂದು, ಒಮ್ಮೆ ಖಾಲಿ ಸಿಕ್ಕರೆ ಪೂರ್ತಿ ಒಂದು ಸೆಕೆಂಡಿನಷ್ಟು ಒಳ್ಳೆಯ ಬ್ಲಾಕುಗಳು ಸಾಲಾಗಿ ಬರುವವರೆಗೆ ನಿಶ್ಶಬ್ದವನ್ನೇ ಮುಂದುವರಿಸು ಎಂದೂ ಸೇರಿಸಿದೆ. ಒಟ್ಟು ಹನ್ನೆರಡು ಸಾಲು. ವೇಯ್ನ್ ಬೆನ್ನು ತಟ್ಟಿದ.

ಆ ಹನ್ನೆರಡು ಸಾಲನ್ನು ಪರೀಕ್ಷಿಸಿದವರು ಗ್ರೇಸಿ. ಮಂಗಳೂರಿನ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಕಚೇರಿಯಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ನಾನು ಆಗ ಐದು ತಿಂಗಳ ಬಸುರಿ. ಬಸುರಿಯರು ಸಾವಿನ ಸುದ್ದಿ, ಅಳು, ಚೀರಾಟ ಕೇಳಬಾರದು ಎಂಬುದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಇರುವ ಮಾತು. ನಮ್ಮಮ್ಮ ಮೈಸೂರಿನಿಂದ ವಾರಕ್ಕೊಮ್ಮೆ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದರು. ನಾನು ಮಾಡುತ್ತಿದ್ದ ಕೆಲಸ ಎಂಥದ್ದು ಎಂದು ಅವರಿಗೆ ಹೇಳಿರಲಿಲ್ಲ. ಗ್ರೇಸಿಗೆ ಮಾತ್ರ ಹೇಳಿಕೊಂಡಿದ್ದೆ. ಕೌಂಟಿಯವರು ಮಾದರಿಗೆಂದು ಐವತ್ತೆರಡು ಕರೆಗಳನ್ನು ಕೊಟ್ಟಿದ್ದರು. ಪ್ರತಿಯೊಂದಕ್ಕೂ ಅದು ಯಾವ ಬಗೆಯ ಕರೆ ಎಂದು ಚೀಟಿ ಇತ್ತು. ಗ್ರೇಸಿ ಅದರಲ್ಲಿ ಹನ್ನೊಂದನ್ನು ತೆಗೆದು ತಮ್ಮ ಡ್ರಾಯರಿನಲ್ಲಿಟ್ಟರು.

"ಇದು ನೀನು ಕೇಳೂದು ಬೇಡ ಮಾರಾಯ್ತಿ. ಬೇಕಾದ್ರೆ ಹೆರಿಗೆ ಆದ ಮೇಲೆ ಕೇಳು."

"ನೀವು ಕೇಳಿದ್ರಾ?"

"ನಂಗೆಲ್ಲಿ ಉಂಟು ಧೈರ್ಯ? ಚೀಟಿ ಓದಿಯೇ ಬದಿಗಿಟ್ಟೆ."

ಉಳಿದ ನಲವತ್ತೊಂದು ಕರೆಗಳು ಚೆನ್ನಾಗಿ ಬಂದವು. ಕಳೆದುಹೋದ ನಾಯಿ, ರಸ್ತೆಗೆ ಬಿದ್ದ ಮರ, ಪಕ್ಕದ ಮನೆಯವರ ಪಾರ್ಟಿ ಗಲಾಟೆ, ಎದೆ ಉರಿ ಎನ್ನುವ ಅಜ್ಜ. ಪರೀಕ್ಷೆ ಮುಗಿಯಿತು ಎಂದು ಗ್ರೇಸಿ ಸಹಿ ಹಾಕಿದರು. ಏಪ್ರಿಲ್‌ನಲ್ಲಿ ಪ್ರೋಗ್ರಾಮು ಕೌಂಟಿಯ ಕಚೇರಿಗೆ ಹೋಯಿತು. ನಮಗೆ ಕೇಕ್ ಸಿಕ್ಕಿತು. ಗ್ರೇಸಿ ಒಳ್ಳೆಯ ಮನಸ್ಸಿನಿಂದ ನನಗೆ ಮಾಡಿದ ಆ ಒಂದು ಉಪಕಾರದಿಂದ ಏನಾಯಿತು ಎಂದು ಇನ್ನು ಹೇಳುತ್ತೇನೆ.

ಮೇ ತಿಂಗಳ ಒಂದು ಮಧ್ಯಾಹ್ನ ಆ ಕೌಂಟಿಯಲ್ಲಿ ಎರಡು ವರ್ಷದ ಮಗುವೊಂದು ಮನೆಯ ಹಿಂದಿನ ಈಜುಕೊಳಕ್ಕೆ ಬಿತ್ತು. ತಾಯಿ ಎತ್ತಿ ಹೊರಗೆ ಹಾಕಿ ಫೋನ್ ಮಾಡಿದರು. ಕರೆ ತೆಗೆದುಕೊಂಡವರು ಡೊರೀನ್ ಎಂಬ ಹೆಂಗಸು, ಐವತ್ತು ದಾಟಿದವರು, ಹೆಡ್‌ಸೆಟ್ ಹಾಕಿಕೊಂಡು ಹತ್ತೊಂಬತ್ತು ವರ್ಷ ಆಗಿತ್ತು. ಆಂಬುಲೆನ್ಸ್ ಏಳು ನಿಮಿಷಕ್ಕೆ ತಲುಪಿತು. ಮಗು ಉಳಿಯಲಿಲ್ಲ.

ಇಂಥ ಸಾವಾದರೆ ಕರೆಯನ್ನು ಕೇಳಿ ನೋಡುವುದು ಅಲ್ಲಿನ ನಿಯಮ. ನಮ್ಮ ಪ್ರೋಗ್ರಾಮು ಮಾಡಿಕೊಟ್ಟ ಫೈಲನ್ನು ಹಾಕಿ ಕೇಳಿದರು. ಮೊದಲ ಮೂವತ್ತೆಂಟು ಸೆಕೆಂಡು ಎಲ್ಲ ಸರಿ ಇತ್ತು. ಡೊರೀನ್ ವಿಳಾಸ ಕೇಳಿದ್ದರು, ಆಂಬುಲೆನ್ಸ್ ಹೊರಟಿದೆ ಎಂದಿದ್ದರು, ಮಗುವಿಗೆ ಉಸಿರಿದೆಯೇ ಎಂದು ಕೇಳಿದ್ದರು. ಆಮೇಲೆ ಹದಿನಾಲ್ಕು ಸೆಕೆಂಡು ಏನೂ ಇಲ್ಲ. ಅದಾದ ಮೇಲೆ ತಾಯಿಯ ಬಿಕ್ಕಳಿಕೆ, ಮತ್ತೆ ಡೊರೀನರ ಧ್ವನಿ. ಮಗುವಿನ ಬಾಯಿಗೆ ಉಸಿರು ಊದುವುದನ್ನು ಹೇಳಿಕೊಡಬೇಕಾಗಿದ್ದ ಹೊತ್ತು ಸರಿಯಾಗಿ ಆ ಹದಿನಾಲ್ಕು ಸೆಕೆಂಡು. ತಾಯಿಯನ್ನು ವಿಚಾರಿಸಿದರೆ, ನಾನು ಕೂಗುತ್ತಲೇ ಇದ್ದೆ, ಆ ಕಡೆಯಿಂದ ಯಾರೂ ಏನೂ ಹೇಳಲಿಲ್ಲ ಎಂದರು. ಡೊರೀನ್ ಗಾಬರಿಯಾಗಿಯೋ ಅಲಕ್ಷ್ಯದಿಂದಲೋ ಕರೆಯನ್ನು ಮ್ಯೂಟ್ ಮಾಡಿ ಕೂತಿದ್ದರು, ಹಾಗಾಗಿಯೇ ತಾಯಿಯ ಸದ್ದೂ ರೆಕಾರ್ಡ್ ಆಗಿಲ್ಲ ಎಂಬ ಅಭಿಪ್ರಾಯಕ್ಕೆ ಕೌಂಟಿಯ ವಿಚಾರಣಾ ಸಮಿತಿ ಬಂತು. ಅವರನ್ನು ಕೆಲಸದಿಂದ ದೂರ ಇಟ್ಟು, ಜೂನ್‌ನಲ್ಲಿ ಕೊನೆಯ ವಿಚಾರಣೆ ಎಂದು ಗೊತ್ತುಮಾಡಿದರು. ಅಲ್ಲಿ ತಪ್ಪು ಸಾಬೀತಾದರೆ ಕೆಲಸವೂ ಹೋಗುತ್ತಿತ್ತು, ಬೇರೆಲ್ಲೂ ಆ ಕೆಲಸ ಮಾಡದಂತೆ ಪ್ರಮಾಣಪತ್ರವೂ ರದ್ದಾಗುತ್ತಿತ್ತು. ಹೆಸರಂತೂ ಅಷ್ಟರಲ್ಲೇ ಹೋಗಿತ್ತು. ಸ್ಥಳೀಯ ಪತ್ರಿಕೆಯಲ್ಲಿ ಬಂದಿತ್ತು.

ಇದು ಯಾವುದೂ ನಮಗೆ ಗೊತ್ತಿರಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಡೊರೀನ್ ತಾವೇ ನಮ್ಮ ಕಚೇರಿಗೆ ಬಂದರು. ಕೌಂಟಿಯ ಕಂಪ್ಯೂಟರಿನ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ನಮ್ಮ ಕಂಪನಿಯ ಹೆಸರು ನೋಡಿದ್ದರಂತೆ. ದಪ್ಪ ಮೈ, ಇಸ್ತ್ರಿ ಮಾಡಿದ ನೀಲಿ ಬ್ಲೌಸು, ಕೈಚೀಲವನ್ನು ಮಂಡಿಯ ಮೇಲೆ ಎರಡು ಕೈಯಲ್ಲೂ ಹಿಡಿದು ಕೂತಿದ್ದರು. ವೇಯ್ನ್ ಬಾಗಿಲಲ್ಲೇ ನಿಂತು, ವಕೀಲರ ಮೂಲಕ ಮಾತಾಡಿದರೆ ಒಳ್ಳೆಯದು ಎಂದ. ಆಕೆ ಅವನನ್ನು ಬಿಟ್ಟು ನನ್ನನ್ನು ನೋಡಿದರು. ಪ್ರೋಗ್ರಾಮು ಬರೆದವರು ನೀವಾ ಎಂದು ಕೇಳಿದರು. ಹೌದು ಎಂದೆ.

"ನನಗೆ ಯಾರ ದಯೆಯೂ ಬೇಡ," ಎಂದರು. "ನಾನು ಆವತ್ತು ಕಿರುಚಿದ್ದೇನೆ. ಎರಡು ದಿನ ಗಂಟಲು ಕಟ್ಟಿತ್ತು. ಆ ಕಿರುಚಿದ್ದು ಎಲ್ಲಿ ಹೋಯಿತು ಅಂತ ಹುಡುಕಿ ಹೇಳಿ, ಸಾಕು."

ನೀರು ಕೊಟ್ಟೆ. ಕುಡಿಯಲಿಲ್ಲ. ನನ್ನ ಹೊಟ್ಟೆ ಕಡೆ ಒಮ್ಮೆ ನೋಡಿ, ಎದ್ದು ಹೋದರು. ವಿಚಾರಣೆಗೆ ಆಗ ಇನ್ನು ಹದಿನಾರು ದಿನ ಇತ್ತು.

ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಆಕೆ ಸುಳ್ಳು ಹೇಳುತ್ತಿದ್ದಾರೆ ಎಂದೇ ನನಗೆ ಮೊದಲು ಅನ್ನಿಸಿತು. ಭಯಕ್ಕೆ ಬಾಯಿ ಕಟ್ಟಿ, ಆಮೇಲೆ ಕೂಗಿದೆ ಎಂದು ನೆನಪು ಮಾಡಿಕೊಂಡಿರಬಹುದು ಎಂದುಕೊಂಡೆ. ಆದರೂ ನೋಡುವುದು ನನ್ನ ಕೆಲಸ. ಕೌಂಟಿಯಿಂದ ಫೈಲಿನ ಪ್ರತಿ ತರಿಸಿದೆವು. ಕೇಳುವುದನ್ನು ಮುಂದಕ್ಕೆ ಹಾಕಿ, ಬರೀ ಅಂಕಿಗಳನ್ನು ಪರದೆಯ ಮೇಲೆ ತೆರೆದೆ. ಕೇಳಬಾರದು ಎಂಬುದು ಆಗಲೂ ತಲೆಯಲ್ಲಿತ್ತು.

ಮೊದಲ ಮೂರು ದಿನ ತಪ್ಪು ಜಾಗದಲ್ಲಿ ಹುಡುಕಿದೆ. ಫೈಲಿನ ಶಿರೋಭಾಗದಲ್ಲಿ ಬರೆದ ಉದ್ದಕ್ಕೂ ನಿಜವಾದ ಉದ್ದಕ್ಕೂ ತಾಳೆ ಇದೆಯೇ, ಒಂದು ಫೈಲಿನಿಂದ ಇನ್ನೊಂದಕ್ಕೆ ಹೋಗುವಾಗ ಬೈಟುಗಳು ಕಳೆದಿವೆಯೇ, ಹಾರ್ಡ್ ಡಿಸ್ಕು ಕೆಟ್ಟಿದೆಯೇ. ಎಲ್ಲ ಸರಿಯಾಗಿತ್ತು. ನಾಲ್ಕನೇ ದಿನ, ಶುಕ್ರವಾರ, ಆ ಹದಿನಾಲ್ಕು ಸೆಕೆಂಡಿನ ಅಂಕಿಗಳನ್ನೇ ಸಾಲುಸಾಲಾಗಿ ನೋಡುತ್ತ ಕೂತೆ. ಎಲ್ಲ 255. ಒಂದೂ ಬೇರೆಯಿಲ್ಲ. ಅಮೆರಿಕದ ಕೋಷ್ಟಕದಲ್ಲಿ 255 ಎಂದರೆ ಪೂರ್ತಿ ನಿಶ್ಶಬ್ದ. ಆದರೆ ಮನುಷ್ಯರು ಇರುವ ಕೋಣೆಯಲ್ಲಿ ಯಾರೂ ಮಾತಾಡದಿದ್ದರೂ ಫ್ಯಾನಿನ ಸದ್ದಿರುತ್ತದೆ, ಕುರ್ಚಿಯ ಕಿರಕ್ ಇರುತ್ತದೆ, ತಂತಿಯದ್ದೇ ಒಂದು ಗುಂಯ್ ಇರುತ್ತದೆ. ಅಂಕಿಗಳು 253, 254, 126 ಹೀಗೆ ಅಲುಗಾಡುತ್ತಿರಬೇಕು. ಮ್ಯೂಟ್ ಒತ್ತಿ ಕೂತರೂ ತಾಯಿಯ ಕಡೆಯ ಸದ್ದು ಬರಬೇಕು. ಇಷ್ಟು ಶುದ್ಧವಾದ ನಿಶ್ಶಬ್ದ ಯಾವ ಟೆಲಿಫೋನಿನಲ್ಲೂ ಬರುವುದಿಲ್ಲ. ಅದನ್ನು ಯಾರೋ ಬರೆದು ಹಾಕಿರಬೇಕು. ಬರೆದು ಹಾಕುವ ಸಾಲು ಇದ್ದದ್ದು ಒಂದೇ ಕಡೆ, ನನ್ನ ಹನ್ನೆರಡು ಸಾಲಿನಲ್ಲಿ.

ಕಪಾಟಿನಿಂದ ಟೆಲಿಫೋನ್ ಮಾನದಂಡದ ಪುಸ್ತಕ ತೆಗೆದು ಎರಡೂ ಕೋಷ್ಟಕಗಳನ್ನು ಅಕ್ಕಪಕ್ಕ ಇಟ್ಟೆ. ನಮ್ಮ ದೇಶದ ಎ-ಲಾ ಕೋಷ್ಟಕದಲ್ಲಿ ಸೊನ್ನೆ ಎಂಬ ಅಂಕಿ ನಡುಮಟ್ಟದ ಒಂದು ಸದ್ದು. ಯಾರು ಎಷ್ಟೇ ಮಾತಾಡಲಿ, ಒಂದು ಬ್ಲಾಕಿನ ಕಾಲುಭಾಗ ಅದೇ ಅಂಕಿಯಾಗುವುದಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಆ ಪರೀಕ್ಷೆ ಎಂದೂ ತಪ್ಪಲಿಲ್ಲ. ಅಮೆರಿಕದ ಮ್ಯೂ-ಲಾದಲ್ಲಿ ಸೊನ್ನೆ ಎಂದರೆ ಆ ಕೋಷ್ಟಕದಲ್ಲೇ ಅತಿ ಜೋರಿನ ಸದ್ದು. ಅದಕ್ಕಿಂತ ಮೇಲೆ ಇಲ್ಲ. ಕಂಠ ಹರಿಯುವ ಹಾಗೆ ಯಾರಾದರೂ ಕೂಗಿದರೆ, ಅದೂ ಆ ಹಳೇ ರೆಕಾರ್ಡರಿನಲ್ಲಿ, ಅರ್ಧ ಅಂಕಿಗಳು ಸೊನ್ನೆ, ಇನ್ನರ್ಧ 128. ಖಾಲಿ ಜಾಗ ಎಂದು ನಾನು ಅಳಿಸಿಹಾಕುತ್ತಿದ್ದದ್ದು ಕೂಗನ್ನು. ಮೆಲ್ಲಗೆ ಮಾತಾಡಿದವರೆಲ್ಲ ಉಳಿದರು. ಪ್ರಾಣ ಹೋಗುವ ಹಾಗೆ ಚೀರಿದವರನ್ನು ಮಾತ್ರ ಆರಿಸಿ ಆರಿಸಿ ನನ್ನ ಪ್ರೋಗ್ರಾಮು ಬಾಯಿ ಮುಚ್ಚಿಸಿತ್ತು. ಫೆಬ್ರವರಿಯಲ್ಲಿ ಆ ಮೇಲ್ವಿಚಾರಕಿಯ ಕಿವಿಗೆ ಹೊಡೆದ ಢಬ್ ಸದ್ದೇ ಇದನ್ನು ಹೇಳಿತ್ತು. ಸೊನ್ನೆಗೆ ಸದ್ದಿಲ್ಲದಿದ್ದರೆ ಅದು ಹೊಡೆಯುತ್ತಿತ್ತೇಕೆ? ನಾನು ಕೇಳಿಕೊಳ್ಳಲಿಲ್ಲ.

ಗ್ರೇಸಿಯನ್ನು ಕರೆದು ತೋರಿಸಿದೆ. ಅವರು ಪುಸ್ತಕ ನೋಡಿದರು, ಪರದೆ ನೋಡಿದರು. ಹೋಗಿ ಡ್ರಾಯರಿನಿಂದ ಆ ಹನ್ನೊಂದು ಕರೆಗಳ ಡಿಸ್ಕೆಟ್‌ಗಳನ್ನು ತಂದು, ಒಂದೊಂದಾಗಿ ಪ್ರೋಗ್ರಾಮಿಗೆ ಹಾಕಿದರು. ಹನ್ನೊಂದರಲ್ಲಿ ಎಂಟರಲ್ಲಿ ತೂತು ಬಿತ್ತು.

"ನಿನ್ನ ಪ್ರೋಗ್ರಾಂ ಬರೆದದ್ದು ನೀನು. ಇದನ್ನು ಅಡಗಿಸಿಟ್ಟದ್ದು ನಾನು," ಎಂದರು ಗ್ರೇಸಿ. "ಮಗುವಿಗೆ ಒಳ್ಳೇದಾಗ್ಲಿ ಅಂತ ಇಟ್ಟೆ. ಯಾರ ಮಗುವಿಗೆ ಏನಾಯ್ತು ನೋಡು."

ಮಗು ಸತ್ತದ್ದು ನಮ್ಮ ಪ್ರೋಗ್ರಾಮಿನಿಂದ ಅಲ್ಲ, ಅದು ಟೇಪು ಓದಿದ್ದು ಆಮೇಲೆ ಎಂದು ನಾನು ಹೇಳಿದೆ. ಗೊತ್ತುಂಟು ಎಂದರು. ಆದರೂ ಆವತ್ತು ಇಬ್ಬರೂ ಊಟದ ಡಬ್ಬಿ ತೆರೆಯಲಿಲ್ಲ.

ವೇಯ್ನ್ ಕೆಟ್ಟವನಲ್ಲ. ನನ್ನ ಮಾತು ಕೇಳಿ ಎದ್ದು ಕೋಣೆಯ ಬಾಗಿಲು ಮುಚ್ಚಿದ. ಆಮೇಲೆ, ಟೇಪಿನ ಸ್ಥಿತಿಯಿಂದಾಗಿ ಆ ಭಾಗ ಸರಿಯಾಗಿ ಬಂದಿಲ್ಲ, ಅದನ್ನು ಪುರಾವೆಯಾಗಿ ಬಳಸಬೇಡಿ ಎಂದು ಒಂದು ಪತ್ರ ಕೊಡೋಣ, ಆಕೆಗೆ ಅಷ್ಟು ಸಾಕಾಗುತ್ತದೆ ಎಂದ. ಪ್ರೋಗ್ರಾಮಿನ ತಪ್ಪು ಎಂದು ಬರೆದರೆ ಕೌಂಟಿ ನಮ್ಮನ್ನು ಬಿಡುತ್ತದೆ, ಒಂಬತ್ತು ಮನೆಗಳ ಅನ್ನ, ನಿನ್ನ ವೀಸಾ ನಮ್ಮ ಕಂಪನಿಯ ಮೇಲೆ ನಿಂತಿದೆ, ಯೋಚನೆ ಮಾಡು ಎಂದ. ಬೆದರಿಕೆಯ ಧ್ವನಿ ಇರಲಿಲ್ಲ. ಅವನಿಗೇ ಭಯವಾಗಿತ್ತು.

ನಮ್ಮೆಜಮಾನರು ಆಗ ಷಾರ್ಲೆಟ್‌ನಲ್ಲಿ ಬ್ಯಾಂಕ್ ಒಂದರ ಕಂಪ್ಯೂಟರ್ ವಿಭಾಗದಲ್ಲಿದ್ದರು. ಸೋಮವಾರ ಹೋದರೆ ಶುಕ್ರವಾರ ಸಂಜೆ ಎರಡೂವರೆ ತಾಸು ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಆವತ್ತು ಸಂಜೆ ಬಂದವರಿಗೆ ಎಲ್ಲ ಹೇಳಿದೆ. ತಟ್ಟೆಯ ಮುಂದೆ ಕೂತವರು ಕೈ ತೊಳೆಯಲು ಎದ್ದುಬಿಟ್ಟರು.

"ವೇಯ್ನ್ ಹೇಳೋದ್ರಲ್ಲಿ ತಪ್ಪೇನಿದೆ? ಆ ಲೇಡಿಗೆ ಬೇಕಾಗಿರೋದು ಸಿಕ್ಕುತ್ತಲ್ಲ."

"ಟೇಪ್ ಕೆಟ್ಟಿದೆ ಅಂದ್ರೆ ಆಕೆ ಕೂಗಿದ್ದಾರೆ ಅಂತ ಆಗಲ್ಲ. ಕೂಗಿದ್ರೋ ಇಲ್ವೋ ಗೊತ್ತಿಲ್ಲ ಅಂತ ಆಗುತ್ತೆ ಅಷ್ಟೇ."

"ಸರಿ, ಕಂಪನಿ ಹೆಸರಲ್ಲಿ ಬರೀಲಿ. ನಿನ್ನ ಹೆಸರ್ಯಾಕೆ? ನಾಳೆ ಲಾಯರ್ ಕರೆದು ಕೂರಿಸಿದ್ರೆ ಏನ್ ಮಾಡ್ತೀಯಾ, ಎಂಟು ತಿಂಗಳ ಹೊಟ್ಟೆ ಇಟ್ಕೊಂಡು?"

"ಕರೆದ್ರೆ ಹೋಗ್ತೀನಿ."

"ವೀಸಾ?"

"ನಿಮ್ಮದಿದೆಯಲ್ಲ. ಮತ್ತೆ ಡಿಪೆಂಡೆಂಟ್ ಆಗ್ತೀನಿ. ಅದೇನು ನಂಗೆ ಹೊಸದಾ?"

ಅವರಿಗೆ ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಮಾತು ಅಲ್ಲಿಗೆ ನಿಂತಿತು. ಶನಿವಾರ ಬೆಳಿಗ್ಗೆ ದೀಪ ಹಚ್ಚಿದೆ. ಅಪಾರ್ಟ್‌ಮೆಂಟಿನಲ್ಲಿ ಹೊಗೆಗೆ ಅಲಾರಂ ಕೂಗುತ್ತದೆಂದು ದೇವರನ್ನು ಅಡುಗೆ ಒಲೆಯ ಪಕ್ಕ, ಹೊಗೆ ಎಳೆಯುವ ಫ್ಯಾನಿನ ಕೆಳಗೇ ಇಟ್ಟುಕೊಂಡಿದ್ದೆ. ಹಿಂದಿನ ದಿನ ರಾಯರು ಕೊಟ್ಟ ಸಣ್ಣ ಸಣ್ಣ ಉಪಕಾರಗಳನ್ನು ದೀಪದ ಮುಂದೆ ಬೆರಳು ಮಡಚಿ ಎಣಿಸುವುದು ನನ್ನ ಅಭ್ಯಾಸ. ಆವತ್ತು ಮಡಚಲು ಒಂದೇ ಬೆರಳು ಸಿಕ್ಕಿತು. ಟೇಪುಗಳನ್ನು ಕೌಂಟಿಯವರು ಸರದಿಯ ಮೇಲೆ ಅಳಿಸಿ ಮತ್ತೆ ಬಳಸುತ್ತಿದ್ದರು. ಈ ಕರೆಯ ಟೇಪನ್ನು ಮಾತ್ರ ಸಾವಿನ ವಿಚಾರಣೆ ಎಂದು ಯಾರೋ ಗುಮಾಸ್ತೆ ಎತ್ತಿಟ್ಟಿದ್ದಳು. ಫೈಲಿನಲ್ಲಿ ಅಳಿಸಿದ್ದು ಟೇಪಿನಲ್ಲಿ ಇನ್ನೂ ಇತ್ತು.

ಸೋಮವಾರ ಒಂದು ಪುಟದ ಪತ್ರ ಬರೆದೆ. ಏನು ಮಾಡಿದೆ, ಯಾಕೆ ಮಾಡಿದೆ, ಎಲ್ಲಿ ತಪ್ಪಿತು, ಕೌಂಟಿಯ ವಕೀಲರ ಮುಂದೆ ಮೂಲ ಟೇಪಿನಿಂದ ಮತ್ತೆ ಡೀಕೋಡ್ ಮಾಡಿ ತೋರಿಸಲು ಸಿದ್ಧ, ಎಂದು. ಕೆಳಗೆ ನನ್ನ ಸಹಿ. ಅದರ ಕೆಳಗೆ ಗ್ರೇಸಿ ತಾವಾಗಿ, ಹನ್ನೊಂದು ಮಾದರಿಗಳನ್ನು ಪರೀಕ್ಷಿಸದೆ ಬಿಟ್ಟವಳು ನಾನು ಎಂದು ಒಂದು ಸಾಲು ಸೇರಿಸಿ ಸಹಿ ಹಾಕಿದರು. ವೇಯ್ನ್ ಮೇಜಿನ ಮೇಲಿಟ್ಟೆವು. ಅವನು ಎರಡು ಸಲ ಓದಿದ. ಮಧ್ಯಾಹ್ನದವರೆಗೆ ಅದು ಅಲ್ಲೇ ಇತ್ತು. ಮೂರು ಗಂಟೆಗೆ ನೋಡಿದರೆ ಮೂರನೆಯ ಸಹಿ ಇತ್ತು.

ವಿಚಾರಣೆಗೆ ಆರು ದಿನ ಮುಂಚೆ ಕೌಂಟಿಯ ವಕೀಲರ ಕೋಣೆಯಲ್ಲಿ ಟೇಪು ಓದಿದೆವು. ಆ ಹನ್ನೆರಡು ಸಾಲು ತೆಗೆದ ಪ್ರೋಗ್ರಾಮು ತೆಗೆದುಕೊಂಡು ಹೋಗಿದ್ದೆ. ಕೋಣೆಯಲ್ಲಿ ವಕೀಲರು, ವೇಯ್ನ್, ಡೊರೀನ್, ನಾನು. ಮಗುವಿನ ತಾಯಿಯೂ ಬಂದಿದ್ದರು. ಬರಬೇಡಿ ಎಂದು ವಕೀಲರು ಹೇಳಿದರೂ ಬಂದಿದ್ದರಂತೆ. ತೆಳ್ಳಗೆ, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಡೊರೀನರಿಂದ ಅತಿ ದೂರದ ಕುರ್ಚಿಯಲ್ಲಿ ಕೂತರು. ನೀವು ಬೇಕಾದರೆ ಹೊರಗೆ ಇರಬಹುದು ಎಂದು ವಕೀಲರು ನನ್ನ ಹೊಟ್ಟೆ ನೋಡಿ ಹೇಳಿದರು. ಇಲ್ಲ ಎಂದೆ. ಆವರೆಗೂ ನಾನು ಆ ಕರೆಯನ್ನು ಒಮ್ಮೆಯೂ ಕೇಳಿರಲಿಲ್ಲ.

ಹದಿನಾಲ್ಕು ಸೆಕೆಂಡಿನಲ್ಲಿ ಏನಿತ್ತು ಎಂದು ಪೂರ್ತಿ ಬರೆಯುವುದು ನನ್ನಿಂದ ಆಗುವುದಿಲ್ಲ. ತಾಯಿ ಮಗುವಿನ ಹೆಸರು ಕೂಗುತ್ತಿದ್ದರು, ಒಂದೇ ಹೆಸರು, ಉಸಿರು ಬಿಡದೆ. ಅದರ ಮೇಲೆಯೇ ಡೊರೀನರ ಧ್ವನಿ. ತಲೆ ಹಿಂದಕ್ಕೆ ಬಾಗಿಸು, ಮೂಗು ಬಾಯಿ ಎರಡನ್ನೂ ನಿನ್ನ ಬಾಯಿಂದ ಮುಚ್ಚು, ಊದು, ಎಂದು ಮೂರು ಸಲ, ಪ್ರತಿ ಸಲವೂ ಮೊದಲಿಗಿಂತ ಜೋರಾಗಿ. ಮೂರನೆಯ ಸಲ ಆಕೆಯ ಗಂಟಲು ಒಡೆದದ್ದು ಕೇಳಿಸಿತು. ಸದ್ದು ಗರಗರ ಎನ್ನುತ್ತಿತ್ತು, ಆದರೆ ಪ್ರತಿ ಮಾತೂ ತಿಳಿಯುತ್ತಿತ್ತು.

ಮುಗಿದ ಮೇಲೆ ಆ ತಾಯಿ ಮೊದಲು ತಲೆ ಎತ್ತಿದರು.

"ಹೇಳ್ತಾನೇ ಇದ್ದರು," ಎಂದರು. "ನನಗೇ ಕೇಳಿಸಲಿಲ್ಲ."

ಇನ್ನೊಮ್ಮೆ ಹಾಕಿ ಎಂದು ನನ್ನನ್ನು ಕೇಳಿದರು. ವಕೀಲರ ಕಡೆ ನೋಡಿದೆ. ಅವರು ತಲೆಯಾಡಿಸಿದರು. ಹಾಕಿದೆ. ಎರಡನೆಯ ಸಲ ಕೇಳುವಾಗ ಡೊರೀನ್ ಎದ್ದು ಗೋಡೆ ಕಡೆ ತಿರುಗಿ ನಿಂತರು. ನನ್ನ ಹೊಟ್ಟೆಯಲ್ಲಿ ಮಗು ಒದೆಯಿತು. ಸದ್ಯ ಇದಾದರೂ ಅಲುಗುತ್ತಿದೆ ಎಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೆ ಆ ತಾಯಿಯ ಮುಖ ನೋಡಲಾರದೆ ಕೀಬೋರ್ಡ್ ನೋಡುತ್ತ ಕೂತೆ. ಜುಲೈನಲ್ಲಿ ಮಗಳು ಆರೋಗ್ಯವಾಗಿ ಹುಟ್ಟಿದಳು. ಅದನ್ನು ನನ್ನ ಪುಣ್ಯ ಎಂದು ಯಾರಾದರೂ ಅಂದರೆ ನನಗೆ ಇವತ್ತಿಗೂ ಮುಜುಗರವಾಗುತ್ತದೆ.

ಡೊರೀನರ ಮೇಲಿನ ಆರೋಪವನ್ನು ವಿಚಾರಣೆಯ ದಿನ ಕೈಬಿಟ್ಟರು. ಪತ್ರಿಕೆಯಲ್ಲಿ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಕೌಂಟಿ ನಮ್ಮ ಕಂಪನಿಯ ಗುತ್ತಿಗೆಯನ್ನು ವರ್ಷದ ಕೊನೆಗೆ ಮುಂದುವರಿಸಲಿಲ್ಲ. ಅಷ್ಟರೊಳಗೆ ನಾವು ಏಪ್ರಿಲ್‌ನಿಂದ ಪರಿವರ್ತಿಸಿದ ಕರೆಗಳನ್ನೆಲ್ಲ ಮತ್ತೆ ಓದಿ ನೋಡಿದೆವು. ಇನ್ನೂ ಮೂವತ್ತೊಂದು ಕರೆಗಳಲ್ಲಿ ತೂತುಗಳಿದ್ದವು. ಒಂಬತ್ತರ ಟೇಪುಗಳು ಅಷ್ಟರಲ್ಲಿ ಅಳಿಸಿಹೋಗಿದ್ದವು. ಅವುಗಳಲ್ಲಿ ಯಾರು ಏನು ಕೂಗಿದ್ದರು ಎಂದು ಯಾರಿಗೂ ತಿಳಿಯುವುದಿಲ್ಲ. ಆ ಒಂಬತ್ತನ್ನು ಕಳೆದವಳು ನಾನು.

ಹೊಸ ಪ್ರೋಗ್ರಾಮಿನಲ್ಲಿ ಖಾಲಿ ಜಾಗವನ್ನು ಊಹಿಸುವುದನ್ನೇ ಬಿಟ್ಟೆ. ಇಲ್ಲಿ ಓದಲಾಗಲಿಲ್ಲ ಎಂದು ಟೇಪ್ ಯಂತ್ರವೇ ಹೇಳಿದರೆ ಮಾತ್ರ ಅದನ್ನು ಖಾಲಿ ಎಂದು ತೆಗೆದುಕೊಂಡು, ಆ ಜಾಗದಲ್ಲಿ ಒಂದು ಪೀಂ ಸದ್ದು ಹಾಕಿ, ಎಷ್ಟನೇ ಸೆಕೆಂಡಿನಿಂದ ಎಷ್ಟನೇ ಸೆಕೆಂಡಿನವರೆಗೆ ಎಂದು ಜೊತೆಗಿನ ಕಾಗದದಲ್ಲಿ ಅಚ್ಚಾಗುವಂತೆ ಮಾಡಿದೆ. ಕೇಳಲು ಹಿತವಾಗಿರಲಿಲ್ಲ. ಹಿತ ಮಾಡಲು ಹೋಗಿಯೇ ಇಷ್ಟಾಗಿತ್ತು. ತನಗೆ ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎಂದು ಹೇಳುವುದು ಪ್ರೋಗ್ರಾಮಿನ ಮೊದಲ ಮರ್ಯಾದೆ ಎಂಬುದನ್ನು ಆ ಕೆಲಸ ನನಗೆ ಕಲಿಸಿತು. ಅದನ್ನು ಕಲಿಯಲು ಎಷ್ಟು ಜನ ತೆತ್ತರು ಎಂಬುದು ಬೇರೆ ಮಾತು.

ಆವತ್ತು ವಕೀಲರ ಕೋಣೆಯಿಂದ ಹೊರಗೆ ಬಂದಾಗ ಡೊರೀನ್ ಪಾರ್ಕಿಂಗ್ ಲಾಟ್‌ನಲ್ಲಿ ತಮ್ಮ ಕಾರಿಗೆ ಒರಗಿ ನಿಂತಿದ್ದರು. ಹತ್ತಿರ ಹೋಗಿ ಕ್ಷಮಿಸಿ ಎಂದೆ. ಮತ್ತೆ ಕೆಲಸಕ್ಕೆ ಹೋಗುತ್ತೀರಲ್ಲ ಎಂದು ಕೇಳಿದೆ. ಇಲ್ಲ, ಇನ್ನು ಹೆಡ್‌ಸೆಟ್ ಹಾಕುವುದಿಲ್ಲ ಎಂದರು. ಯಾಕೆ ಎಂದು ಕೇಳಬಾರದಿತ್ತು, ಕೇಳಿದೆ.

"ಎರಡನೇ ಸಲ ಹಾಕಿದಿರಲ್ಲ, ಆಗ ಗೊತ್ತಾಯಿತು. ಅವಳು ಕೂಗುವಾಗ ನಾನು ಅವಳ ಮೇಲೆ ಕೂಗಿದೆ. ಮೂರು ಸೆಕೆಂಡು ಸುಮ್ಮನಿದ್ದು, ಅವಳು ಉಸಿರು ತೆಗೆದುಕೊಂಡಾಗ ಮೆಲ್ಲಗೆ ಹೇಳಿದ್ದರೆ ಕೇಳಿಸುತ್ತಿತ್ತೋ ಏನೋ. ಆ ತಪ್ಪು ನನ್ನದು, ನಿಮ್ಮದಲ್ಲ." ಕಾರಿನ ಬಾಗಿಲು ತೆರೆದರು. "ನಿಮ್ಮದು ಯಾವುದು ಅಂದರೆ, ಈ ಮೂರು ವಾರದಲ್ಲಿ ನಾನೇ ನಂಬೋಕೆ ಶುರು ಮಾಡಿದ್ದೆ. ಬಾಯಿ ಬಿಡದೆ ಕೂತಿದ್ದೆ ಅಂತ. ಮೊನ್ನೆ ನನ್ನ ಗಂಡನಿಗೂ ಹಾಗೇ ಹೇಳಿದೆ, ನಾನು ಏನೂ ಹೇಳಲಿಲ್ಲ ಕಣೋ ಅಂತ."

ಬಾಗಿಲು ಹಾಕಿಕೊಂಡು, ಕನ್ನಡಿ ಸರಿಮಾಡಿಕೊಂಡು ಹೋದರು. ವೇಯ್ನ್ ಕಾರು ತರುವವರೆಗೂ ನಾನು ಅಲ್ಲೇ ನಿಂತಿದ್ದೆ.